ಮಾತ್ರೆ ಜೊತೆಗೆ ಬಿಲ್ಲೂ ಕೇಳಿ

ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ಪಿನಿಂದ ಕತ್ತರಿಸಿ ಪುಟ್ಟ ಕವರಿಗೆ ಹಾಕಿ ಕೊಡುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಅಚ್ಚಾದ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ನಾಳೆ ಮೈಮೇಲೆ ದದ್ದು ಎದ್ದರೆ, ಅದು ಯಾವ ಕಂಪನಿಯ ಯಾವ ಬ್ಯಾಚ್ ಎಂದು ಹೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ಅದರ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿವೆ. ಡಾಕ್ಟರ ಚೀಟಿ ಮೇಲೆ ಮಾರಿದ ಔಷಧದ ಬಿಲ್ಲಿನಲ್ಲಿ ಅದರ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಬೀಳುತ್ತೆ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ಸ್ಟ್ರಿಪ್ಪಿನ ಹಿಂಬದಿಯ ಕೆಂಪು ಗೆರೆಯನ್ನೂ ನೋಡಿ. ಅಂಥ ಔಷಧವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಶೆಡ್ಯೂಲ್ ಎಚ್ 1’ ಇನ್ನೂ ಬಿಗಿ: ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ, ನೋವಿಗೆ ಕೊಡುವ ಟ್ರಮಡಾಲ್ ಇದರಲ್ಲಿ ಬರುತ್ತವೆ. ಇವನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರನ್ನು ಅಂಗಡಿಯವರು ಮೂರು ವರ್ಷ ಇಡಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಹಕ್ಕು ಇದೇ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿದೆ. ಕೊಂಡ ಔಷಧದ ಮೇಲೆ ಅನುಮಾನ ಬಂದರೆ ಯಾರು ಬೇಕಾದರೂ, ಅಥವಾ ಮಾನ್ಯತೆ ಪಡೆದ ಗ್ರಾಹಕ ಸಂಘ, ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಪರೀಕ್ಷೆ ಮಾಡಿಸಬಹುದು. ಅರ್ಜಿ 14-ಎ ನಮೂನೆಯಲ್ಲಿ, ನಿಗದಿತ ಶುಲ್ಕದೊಂದಿಗೆ. ವಿಶ್ಲೇಷಕರ ಸಹಿಯಿರುವ ವರದಿ ಪಡೆಯುವುದು ನಿಮ್ಮ ಹಕ್ಕು. ಆದರೆ ಕೊಂಡದ್ದು ನೀವೇ ಎಂದು ತೋರಿಸಲು ಬಿಲ್ ಬೇಕು. ಬಾಯಿ ತೆರೆದ ಬಾಟಲಿಯಾದರೆ ‘ಆಮೇಲೆ ಏನೋ ಬೆರೆತಿದೆ’ ಎಂಬ ತಕರಾರು ಬರುತ್ತದೆ. ಅದೇ ಬ್ಯಾಚಿನ ಸೀಲ್ ಒಡೆಯದ ಬಾಟಲಿ ಸಿಕ್ಕರೆ ಅದನ್ನೇ ಕೊಡುವುದು ಜಾಣತನ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಶಂಕೆ ಬಂದಾಗ ಲ್ಯಾಬಿಗೆ ಹೋದದ್ದೂ ಬ್ಯಾಚ್‌ವಾರು ಮಾದರಿಗಳೇ.

ಔಷಧ ಅಪ್ಪಟವಾಗಿದ್ದೂ ಮೈಗೆ ಒಗ್ಗದಿರಬಹುದು. ಆಗ ಮೊದಲು ಡಾಕ್ಟರಿಗೆ ಹೇಳಿ, ನಂತರ 1800-180-3024ಕ್ಕೆ ಕರೆ ಮಾಡಿ. ಇದು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಸಹಾಯವಾಣಿ, ಶುಲ್ಕವಿಲ್ಲ. ರೋಗಿಗಳೇ ತುಂಬುವ ನಮೂನೆ ಕನ್ನಡದಲ್ಲೂ ಇದೆ. ಔಷಧದಿಂದಲೇ ಹಾಗಾಯಿತು ಎಂದು ನೀವು ಸಾಬೀತು ಮಾಡಬೇಕಾಗಿಲ್ಲ.

ಆಸ್ಪತ್ರೆ ವಾರ್ಡಿನಲ್ಲಿ ಸಿಸ್ಟರ್ ಇಂಜೆಕ್ಷನ್ ಹಿಡಿದು ಬಂದಾಗ ‘ಏನಿದು, ಯಾತಕ್ಕೆ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸರಿಯಾದ ರೋಗಿ, ಸರಿಯಾದ ಔಷಧ, ಪ್ರಮಾಣ, ಮಾರ್ಗ, ಸಮಯ: ನರ್ಸಿಂಗ್ ಮೊದಲ ವರ್ಷದಲ್ಲೇ ಕಲಿಸುವ ಪಾಠವಿದು. ಯಾವುದಾದರೂ ಔಷಧ ನಿಮಗೆ ಅಲರ್ಜಿಯಾಗಿದ್ದರೆ ಅವರು ಕೇಳುವವರೆಗೆ ಕಾಯಬೇಡಿ. ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರಂತೂ ಸಿರಿಂಜಿನ ಮುಚ್ಚಳ ನೋಡಲೇಬೇಕು. ಕೆಂಪು ಮುಚ್ಚಳದ್ದು ಮಿಲಿಗೆ 40 ಯೂನಿಟ್ಟಿನ ಬಾಟಲಿಗೆ, ಕಿತ್ತಳೆಯದ್ದು 100 ಯೂನಿಟ್ಟಿನದಕ್ಕೆ. 100 ಯೂನಿಟ್ಟಿನ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಸಕ್ಕರೆ ಅಂಶ ಪಾತಾಳಕ್ಕಿಳಿಯಲು ಅಷ್ಟು ಸಾಕು.

ವಾರ್ಡಿನಲ್ಲೇ ಎಡವಟ್ಟಾಗಿದೆ ಅನ್ನಿಸಿದರೆ ಯಾವ ಔಷಧ ಯಾವಾಗ ಕೊಟ್ಟರು ಎಂಬ ಚಾರ್ಟ್ ಸಹಿತ ದಾಖಲೆಗಳ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ಡಾಕ್ಟರು ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಕಳಪೆ ಔಷಧದ ದೂರು ಔಷಧ ನಿಯಂತ್ರಣಾಧಿಕಾರಿಗೆ ಹೋಗಬೇಕು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.