ಕಟ್ಟಿನೊಳಗಿನ ನೋವು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನನ್ನು ಮೂಳೆ ವಾರ್ಡಿಗೆ ಹಾಕಿದ್ದಾರಂತೆ, ಅದರ ಮೇಲೆ ನೈಟ್ ಡ್ಯೂಟಿ ಬೇರೆ. ನಿಮ್ಮಮ್ಮ ಹೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. ಹೊತ್ತಿಗೆ ಸರಿಯಾಗಿ ಉಣ್ಣು ತಾಯಿ.

ನಾನು ನರ್ಸಾಗಿದ್ದ ಕಾಲದಲ್ಲಿ ಮರದಿಂದ ಬಿದ್ದ ಮಕ್ಕಳು ಬಿದಿರು ದಬ್ಬೆಯ ನಾಟಿ ಕಟ್ಟು ಹಾಕಿಸಿಕೊಂಡೇ ಬರುತ್ತಿದ್ದರು. ಬಿಗಿದಷ್ಟೂ ಮೂಳೆ ಬೇಗ ಕೂಡುತ್ತದೆಂದು ಹೆತ್ತವರ ನಂಬಿಕೆ. ಹಾಗೆ ಬಿಗಿದು ಕಟ್ಟುತ್ತಿದ್ದವರು ನಮ್ಮ ಹಳ್ಳಿಯವರಷ್ಟೇ ಅಲ್ಲ. ಬಿಗಿ ಕಟ್ಟಿನಿಂದ ರಕ್ತ ನಿಂತು ಸ್ನಾಯು ಸಾಯುತ್ತದೆ, ಬೆರಳು ಮಡಚಿಕೊಂಡು ಕೈ ಸೊಟ್ಟಗಾಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ವೋಲ್ಕ್‌ಮನ್ 1881ರಲ್ಲೇ ಬರೆದಿದ್ದರು. ಆ ಊನಕ್ಕೆ ಇಂದಿಗೂ ಅವರದೇ ಹೆಸರು.

ಕಟ್ಟೇ ಇಲ್ಲದಿದ್ದರೂ ಇದು ಆಗಬಹುದು. ಮುಂಗೈಯ ಸ್ನಾಯುಗಳನ್ನು ಹಿಗ್ಗದ ಪೊರೆಯೊಂದು ಸುತ್ತಿರುತ್ತದೆ. ಪೆಟ್ಟಿನಿಂದ ಒಳಗೆ ಊತ ಬಂದರೆ ಅದಕ್ಕೆ ಹೋಗಲು ಜಾಗವಿಲ್ಲ. ಮೊದಲು ತೆಳು ಗೋಡೆಯ ರಕ್ತನಾಳಗಳು ಅದುಮಿಹೋಗುತ್ತವೆ. ಬಂದ ರಕ್ತ ಹಿಂದಿರುಗದೆ ಊತ ಇನ್ನೂ ಏರುತ್ತದೆ. ಕೊನೆಗೆ ಕೂದಲೆಳೆಯಂಥ ನಾಳಗಳಲ್ಲಿ ಹರಿವೇ ನಿಲ್ಲುತ್ತದೆ. ಇಷ್ಟಾದರೂ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಬಹುದು, ನೋಡು! ನಾಡಿ ಸಿಕ್ಕರೆ ಸಾಕೆಂದು ನಾನೂ ಬಹಳ ದಿನ ನಂಬಿದ್ದೆ. ರಕ್ತ ಕಾಣದ ಸ್ನಾಯು ನಾಲ್ಕು ತಾಸು ಹೇಗೋ ತಡೆದೀತು. ಆರೆಂಟು ತಾಸು ಕಳೆದರೆ ಮತ್ತೆ ಚೇತರಿಸಿಕೊಳ್ಳದು. ಸತ್ತ ಸ್ನಾಯು ನಾರಾಗಿ ಕುಗ್ಗಿ ಬೆರಳುಗಳನ್ನು ಎಳೆದುಬಿಡುತ್ತದೆ.

ಅದಕ್ಕೇ ಇಷ್ಟು ಬರೆಯುತ್ತಿರುವುದು. ಮೊಣಕೈ ಮೇಲೆ ಮೂಳೆ ಮುರಿದ ಮಗು ಪ್ಲಾಸ್ಟರ್ ಹಾಕಿದ ಮೇಲೂ ಅಳು ನಿಲ್ಲಿಸದಿದ್ದರೆ ಅದನ್ನು ಹಟಮಾರಿ ಅನ್ನಬೇಡ. ನೋವಿನ ಔಷಧಿ ಮತ್ತೆ ಮತ್ತೆ ಬೇಕೆನ್ನುವುದೇ ಒಂದು ಸುಳಿವು. ಬೆರಳುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ನೋಡು. ಚೀರಿಕೊಂಡರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಲೇಬೇಡ. ಜೋಮು ಹಿಡಿಯಲಿ, ಬಣ್ಣ ಬದಲಾಗಲಿ ಎಂದು ಕೂತರೆ ಹೊತ್ತು ಮೀರಿರುತ್ತದೆ. ಕೈಯನ್ನು ಎದೆಯ ಮಟ್ಟದಲ್ಲೇ ಇಡು, ಅದಕ್ಕಿಂತ ಎತ್ತರಿಸಿದರೆ ಬರುವಷ್ಟು ರಕ್ತವೂ ಬಾರದು. ಡಾಕ್ಟರನ್ನು ಆಗಲೇ ಎಬ್ಬಿಸು. ಪ್ಲಾಸ್ಟರಷ್ಟೇ ಸೀಳಿದರೆ ಸಾಲದು. ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಬಿಡಿಸಬೇಕು. ಆಗಲೂ ನೋವು ಇಳಿಯದಿದ್ದರೆ ಆಪರೇಷನ್ ಮಾಡಿ ಪೊರೆಯನ್ನೇ ಸೀಳುತ್ತಾರೆ. ಗಾಯ ದೊಡ್ಡದಾಗುತ್ತದೆ, ಆದರೆ ಕೈ ಉಳಿಯುತ್ತದೆ.

ಅಪರಾತ್ರಿಯಲ್ಲಿ ಎಬ್ಬಿಸಿದ್ದಕ್ಕೆ ಯಾರಾದರೂ ಗದರಿದರೆ ಗದರಲಿ ಮಗಳೇ, ಬೇಸರ ಮಾಡಿಕೊಳ್ಳಬೇಡ. ಎಷ್ಟು ಗಂಟೆಗೆ ಹೇಳಿದೆ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆದಿಡು, ಅವರು ಬರುವವರೆಗೂ ಆ ಮಂಚ ಬಿಟ್ಟು ಕದಲಬೇಡ.

ಇತಿ,
ನಿನ್ನ ದೊಡ್ಡಮ್ಮ