ಮೊದಲು ನಿಮ್ಮ ಮನೆಯ ನೀರು ನೋಡು

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ದೊಡ್ಡಮ್ಮ, ವಾಷಿಂಗ್ ಮೆಷಿನ್ ಟಾಪ್ ಲೋಡೋ ಫ್ರಂಟ್ ಲೋಡೋ, ಒಂದೇ ಮಾತಲ್ಲಿ ಹೇಳಿಬಿಡಿ" ಅಂತ. ಒಂದೇ ಮಾತಲ್ಲಿ ಹೇಳಲಾಗದ್ದಕ್ಕೇ ಈ ಕಾಗದ. ಅಂಗಡಿಯವನು ಥಟ್ಟನೆ ಹೇಳಿಯಾನು. ಅವನು ನೋಡುವುದು ನಿನ್ನ ಪರ್ಸನ್ನು, ನಿನ್ನ ಮನೆಯ ನಲ್ಲಿಯನ್ನಲ್ಲ.

ನಮ್ಮ ಹಿತ್ತಿಲ ಒಗೆಯುವ ಕಲ್ಲು ನೆನಪಿದೆಯಾ? ನಿನ್ನ ಅಜ್ಜಿ ಬಟ್ಟೆಯನ್ನು ಎತ್ತಿ ಎತ್ತಿ ಕುಕ್ಕುತ್ತಿದ್ದರು. ಫ್ರಂಟ್ ಲೋಡ್ ಮಾಡುವುದೂ ಅದನ್ನೇ. ಅಡ್ಡಕ್ಕೆ ಮಲಗಿದ ಡ್ರಮ್ಮು ತಿರುಗುತ್ತ ಬಟ್ಟೆಯನ್ನು ಮೇಲಕ್ಕೆ ಒಯ್ದು ಕೆಳಗೆ ಬೀಳಿಸುತ್ತದೆ. ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. ಟಾಪ್ ಲೋಡಿನದು ಬಕೆಟಿನ ಪದ್ಧತಿ. ಬಟ್ಟೆ ಮುಳುಗುವಷ್ಟು ನೀರು ತುಂಬಿಕೊಂಡು, ಅಡಿಯ ಚಕ್ರ ತಿರುಗಿ ಕಡೆಯುತ್ತದೆ. ಉಳಿದ ವ್ಯತ್ಯಾಸಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ನೀರಿನ ಲೆಕ್ಕ ಹಾಕೋಣ. 7 ಕೆ.ಜಿ.ಯ ಯಂತ್ರ ಭರ್ತಿ ಒಗೆಯಲು ಟಾಪ್ ಲೋಡಿಗೆ 100 ಲೀಟರ್ ದಾಟುವುದು ಸಾಮಾನ್ಯ. ಫ್ರಂಟ್ ಲೋಡಿಗೆ 50-60 ಸಾಕು. ಒಗೆತಕ್ಕೆ 60 ಲೀಟರ್ ಉಳಿಯಿತು, ವಾರಕ್ಕೆ 4 ಸಲ ಒಗೆದೆ ಅಂತಿಟ್ಟುಕೊ. ವರ್ಷಕ್ಕೆ 12,000 ಲೀಟರಿನ ಮೇಲಾಯಿತು, ಅಂದರೆ ಒಂದು ದೊಡ್ಡ ಟ್ಯಾಂಕರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದದ್ದು ನಿನಗೇ ಗೊತ್ತು. ಟ್ಯಾಂಕರ್ ನೀರು ನೆಚ್ಚಿಕೊಂಡ ಅಪಾರ್ಟ್‌ಮೆಂಟಿನಲ್ಲಿ ಇರುವವಳು ನೀನು. ಈ ಒಂದು ಲೆಕ್ಕವೇ ನನ್ನನ್ನು ಫ್ರಂಟ್ ಲೋಡಿನ ಕಡೆ ವಾಲಿಸುತ್ತದೆ.

ಆದರೆ ನೀನಿರುವುದು ಕಟ್ಟಕಡೆಯ ಮಹಡಿ. ಟ್ಯಾಂಕು ನೆತ್ತಿಯ ಮೇಲೇ ಇದ್ದರೆ ನಲ್ಲಿಯಲ್ಲಿ ರಭಸ ಇರುವುದಿಲ್ಲ. ಫ್ರಂಟ್ ಲೋಡಿಗೆ ಸಾಮಾನ್ಯವಾಗಿ ನಲ್ಲಿಗಿಂತ ಹತ್ತಡಿಯಾದರೂ ಮೇಲೆ ನೀರು ನಿಂತಿರಬೇಕು. ಇಲ್ಲದಿದ್ದರೆ ನೀರು ತುಂಬಿಕೊಳ್ಳಲಾರದೆ ಕೀಂ ಕೀಂ ಅನ್ನುತ್ತ ನಿಂತುಬಿಡುತ್ತದೆ. ಪ್ರೆಶರ್ ಪಂಪ್ ಹಾಕಿಸಬೇಕಾದೀತು, ಆ ಖರ್ಚನ್ನೂ ಬೆಲೆಗೆ ಸೇರಿಸಿಕೊ. ಟಾಪ್ ಲೋಡಾದರೆ ಮುಚ್ಚಳ ತೆಗೆದು ನಾಲ್ಕು ಬಕೆಟ್ ಸುರಿದರೂ ನಡೆಯುತ್ತದೆ. ಊರಲ್ಲಿ ನಿನ್ನ ಅಮ್ಮನಿಗೆ ನಾನು ಟಾಪ್ ಲೋಡ್ ಕೊಡಿಸಿದ್ದು ಇದಕ್ಕೇ. ಅವಳ ಮಂಡಿನೋವೂ ಒಂದು ಕಾರಣ ಅನ್ನು, ಬಗ್ಗದೆ ಬಟ್ಟೆ ಹಾಕಬಹುದು, ತೆಗೆಯಬಹುದು. ಮರೆತ ಕರ್ಚೀಫನ್ನು ನಡುವೆ ಎಸೆಯಲೂ ಬಹುದು.

ಇನ್ನು ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ ನೀರು. ನಿಮ್ಮ ಬಚ್ಚಲ ಬಕೆಟಿಗೆ ಬಿಳಿ ಪೊರೆ ಕಟ್ಟಿದೆಯಲ್ಲ, ಅದೇ ಸುಣ್ಣ ಫ್ರಂಟ್ ಲೋಡಿನೊಳಗಿನ ಹೀಟರಿಗೂ ಕಟ್ಟುತ್ತದೆ. ಗಡಸು ನೀರಲ್ಲಿ ಸೋಪು ನೊರೆ ಕೊಡುವುದಿಲ್ಲವೆಂದು ಜನ ಪುಡಿ ಸುರಿಯುತ್ತಲೇ ಹೋಗುತ್ತಾರೆ. ಎರಡು ತಿಂಗಳಿಗೊಮ್ಮೆ ಡ್ರಮ್ ಖಾಲಿ ಇಟ್ಟು, ಸುಣ್ಣ ಕರಗಿಸುವ ಪುಡಿ ಹಾಕಿ ಬಿಸಿ ನೀರಲ್ಲಿ ಓಡಿಸು. ಒಗೆಯುವ ಪುಡಿ ಕೊಳ್ಳುವಾಗಲೂ ಪೊಟ್ಟಣದ ಮೇಲೆ ಫ್ರಂಟ್ ಲೋಡ್ ಎಂದು ಬರೆದದ್ದನ್ನೇ ತಗೋ. ಟಾಪ್ ಲೋಡಿನ ಪುಡಿ ಹಾಕಿದರೆ ಒಳಗೆಲ್ಲ ನೊರೆಯೋ ನೊರೆ.

ಕರೆಂಟಿನ ವಿಷಯ ಸಣ್ಣದು. ಹೀಟರ್ ಸುಮಾರು 2 ಕಿಲೋವ್ಯಾಟಿನದು, ಗೀಸರಿನಷ್ಟೇ. ದಿನನಿತ್ಯದ ಬಟ್ಟೆಗೆ ತಣ್ಣೀರೇ ಸಾಕು. 60 ಡಿಗ್ರಿಯನ್ನು ಮಗುವಿನ ಬಟ್ಟೆಗೆ, ಕಾಯಿಲೆ ಬಿದ್ದವರ ಹೊದಿಕೆಗೆ ಇಟ್ಟುಕೊ. ದೊಡ್ಡ ಪಿನ್ನಿನ ಪ್ಲಗ್ ಪಾಯಿಂಟ್ ಮಾತ್ರ ಬೇಕೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡ.

ನನ್ನ ಮೊದಲ ಫ್ರಂಟ್ ಲೋಡಿನ ಕಥೆ ನಿನಗೆ ಹೇಳಿಲ್ಲ. ಕೂರಿಸಲು ಬಂದ ಹುಡುಗ ಅವಸರದಲ್ಲಿದ್ದ. ಮೊದಲ ಸಲ ಹಿಂಡಲು ಶುರುಮಾಡಿದಾಗ ಯಂತ್ರ ಭೂತ ಮೈಮೇಲೆ ಬಂದವರ ಹಾಗೆ ಕುಣಿಯುತ್ತ ಬಚ್ಚಲ ಬಾಗಿಲವರೆಗೆ ನಡೆದೇ ಬಂತು. ನಿನ್ನ ದೊಡ್ಡಪ್ಪ ಅದರ ಮೇಲೆ ಹತ್ತಿ ಕೂತರು! ಆಮೇಲೆ ಗೊತ್ತಾಯಿತು, ಸಾಗಿಸುವಾಗ ಡ್ರಮ್ ಅಲ್ಲಾಡದಿರಲೆಂದು ಹಿಂದೆ ಬಿಗಿದ ಬೋಲ್ಟುಗಳನ್ನು ಅವನು ಬಿಚ್ಚಿರಲೇ ಇಲ್ಲ. ನಿನ್ನ ಮನೆಯಲ್ಲಿ ಆ ಬೋಲ್ಟುಗಳನ್ನು ಎಣಿಸಿ ಕೈಗೆ ತಗೊಂಡ ಮೇಲೇ ಸಹಿ ಹಾಕು. ಮನೆ ಬದಲಿಸುವ ದಿನ ಬೇಕಾಗುತ್ತವೆ, ಎಸೆಯಬೇಡ.

ಹಿಂಡುವುದು ಅಂದೆನಲ್ಲ. ಫ್ರಂಟ್ ಲೋಡ್ ನಿಮಿಷಕ್ಕೆ 1,000ದಿಂದ 1,400 ಸುತ್ತು ತಿರುಗುತ್ತದೆ, ಟಾಪ್ ಲೋಡಿನ ಸುತ್ತು 700ರ ಆಸುಪಾಸು. ಆಷಾಢದಲ್ಲಿ ಬಾಲ್ಕನಿಯ ಹಗ್ಗದ ಮೇಲೆ ಜೀನ್ಸ್ ಒಣಗಿಸುವವರಿಗೆ ಇದರ ಬೆಲೆ ಗೊತ್ತು. ಫ್ರಂಟ್ ಲೋಡಿಗೆ ಹೊತ್ತು ಮಾತ್ರ ಹಿಡಿಯುತ್ತದೆ, ಹತ್ತಿ ಬಟ್ಟೆಗೆ ಎರಡು ಗಂಟೆ ದಾಟಿದರೂ ದಾಟೀತು.

ಬಾಗಿಲ ಸುತ್ತಲಿನ ರಬ್ಬರ್ ಮಡಿಕೆಯಲ್ಲಿ ನೀರು ನಿಂತರೆ ಮುಗ್ಗಲು ವಾಸನೆ ಬರುತ್ತದೆ. ಒಗೆದಾದ ಮೇಲೆ ಒರೆಸಿ, ಬಾಗಿಲು ಓರೆ ಮಾಡಿ ಬಿಡು. ಕೆಳಗಿನ ಮೂಲೆಯ ಸಣ್ಣ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚು. ನನಗೆ ಅದರಲ್ಲಿ ಮೂರು ಗುಂಡಿ, ಒಂದು ಹೇರ್‌ಪಿನ್ನು, ಎರಡು ರೂಪಾಯಿಯ ನಾಣ್ಯ ಸಿಕ್ಕಿದ್ದವು. ಇಷ್ಟು ಮಾಡಲು ಬೇಜಾರು ಅಂದರೆ ಟಾಪ್ ಲೋಡನ್ನೇ ತಗೋ, ನಾನೇನೂ ಬೈಯುವುದಿಲ್ಲ. ಮದುವೆಯ ರೇಷ್ಮೆ ಸೀರೆಯನ್ನು ಮಾತ್ರ ಎರಡಕ್ಕೂ ಹಾಕಬೇಡ ಮಾರಾಯ್ತಿ.

ಅಂದಹಾಗೆ, ಫ್ರಂಟ್ ಲೋಡಿನ ಅಗಲ 60 ಸೆಂಟಿಮೀಟರ್, ತೂಕ ಸುಮಾರು 60-70 ಕೆ.ಜಿ. ಅಳಿಯಂದಿರೊಬ್ಬರೇ ಎತ್ತಿ ಸರಿಸುವಂಥದ್ದಲ್ಲ. ಶನಿವಾರ ಅಂಗಡಿಗೆ ಹೋಗುವ ಮೊದಲು ಬಾಲ್ಕನಿ ಬಾಗಿಲಿನ ಅಗಲ ಅಳೆದು ನನಗೊಂದು ಫೋನ್ ಮಾಡು.

ನಿನ್ನ
ದೊಡ್ಡಮ್ಮ