ರಾಜಮಾತೆಯ ನಾಲ್ಕು ಪತ್ರಗಳು

ಕ್ರಿ.ಶ. 1562ರ ಮಾರ್ಚ್ ತಿಂಗಳು. ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸನು ಆಗ ಹನ್ನೊಂದು ವರ್ಷದ ಬಾಲಕ. ಅವನ ಹೆಸರಿನಲ್ಲಿ ರಾಜ್ಯಭಾರ ನಡೆಸುತ್ತಿದ್ದವಳು ತಾಯಿ ಕ್ಯಾಥರೀನ್ ದ ಮೆಡಿಚಿ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿ ಫ್ರಾನ್ಸಿನ ಅರಮನೆಗೆ ಸೊಸೆಯಾಗಿ ಬಂದಿದ್ದ ಆಕೆ 1559ರಲ್ಲಿ ಪತಿಯನ್ನೂ ಮರುವರ್ಷ ಹಿರಿಯ ಮಗನನ್ನೂ ಕಳೆದುಕೊಂಡಿದ್ದಳು. ಮಹಾಸರದಾರರಿಗೆ ಇದ್ದಂತಹ ಸೈನ್ಯಬಲ ಆಕೆಗೆ ಇರಲಿಲ್ಲ. ಆಕೆಯ ಬಲವೆಲ್ಲ ಲೇಖನಿಯಲ್ಲಿತ್ತು.

ರಾಜ್ಯವೋ ಮತಭೇದದಿಂದ ಇಬ್ಭಾಗವಾಗಿತ್ತು. ಆ ವರ್ಷದ ಜನವರಿಯಲ್ಲಿ ಹೊರಟ ರಾಜಶಾಸನವು, ಹ್ಯೂಗನಾಟರೆಂದು ಹೆಸರಾಗಿದ್ದ ಪ್ರಾಟೆಸ್ಟಂಟರಿಗೆ ಪಟ್ಟಣಗಳ ಹೊರಗೆ ಪ್ರಾರ್ಥನೆ ನಡೆಸಲು ಅನುಮತಿ ನೀಡಿತ್ತು. ಕ್ಯಾಥೊಲಿಕ್ ಮುಖಂಡರಿಗೆ ಇದು ಸಹನೆಯಾಗಲಿಲ್ಲ. ಮಾರ್ಚ್ 1ರಂದು ವಾಸಿ ಎಂಬ ಊರಿನಲ್ಲಿ ಪ್ರಾರ್ಥನೆಗೆ ನೆರೆದಿದ್ದ ಹ್ಯೂಗನಾಟರ ಮೇಲೆ ಗೀಸ್ ಪ್ರಭುವಿನ ಪರಿವಾರದವರು ಬಿದ್ದು ಹಲವರನ್ನು ಕೊಂದರು. ಅದೇ ಗೀಸನು ಪ್ಯಾರಿಸನ್ನು ಪ್ರವೇಶಿಸಿದಾಗ ಜನರು ಜಯಘೋಷ ಮಾಡಿದರು!

ಭೀತಳಾದ ಕ್ಯಾಥರೀನಳು ಹ್ಯೂಗನಾಟರ ದಂಡನಾಯಕನೂ ರಾಜವಂಶದವನೂ ಆದ ಕಾಂದೆಯ ರಾಜಕುಮಾರ ಲೂಯಿಗೆ ಒಂದರ ಹಿಂದೊಂದರಂತೆ ನಾಲ್ಕು ಪತ್ರಗಳನ್ನು ಬರೆದಳು. ತಾಯಿಯನ್ನೂ ಮಕ್ಕಳನ್ನೂ ರಾಜ್ಯವನ್ನೂ ಕಾಪಾಡಬೇಕೆಂಬುದೇ ಆಕೆಯ ಮೊರೆ. ಆದರೆ ಕಾಂದೆಯು ದೊರೆಯಿದ್ದ ಫಾಂಟೆನ್‌ಬ್ಲೋ ಅರಮನೆಗೆ ಹೋಗಲಿಲ್ಲ. ಕ್ಯಾಥೊಲಿಕ್ ಸರದಾರರು ಅಲ್ಲಿಗೆ ಮೊದಲು ತಲಪಿ ತಾಯಿ ಮಗನನ್ನು ಪ್ಯಾರಿಸಿಗೆ ಕರೆದೊಯ್ದರು. ಅವರೊಡನೆ ಕಾಂದೆಯ ಸ್ವಂತ ಅಣ್ಣನೂ ಇದ್ದನು.

ಏಪ್ರಿಲ್ 2ರಂದು ಕಾಂದೆಯು ಓರ್ಲಿಯನ್ ನಗರವನ್ನು ವಶಪಡಿಸಿಕೊಂಡನು. ದೊರೆಯೂ ರಾಜಮಾತೆಯೂ ಸೆರೆಯಲ್ಲಿರುವರೆಂದೂ ಅವರ ಬಿಡುಗಡೆಗಾಗಿಯೇ ತಾನು ಖಡ್ಗ ಹಿರಿದೆನೆಂದೂ ಸಾರಿದನು. ಸಾಕ್ಷಿಯೇನು? ಆ ನಾಲ್ಕು ಪತ್ರಗಳೇ! ಅವನ ಕಡೆಯವರು ಅವುಗಳನ್ನು ಜರ್ಮನಿಯ ಫ್ರಾಂಕ್‌ಫರ್ಟಿಗೂ ಒಯ್ದು ಚಕ್ರವರ್ತಿಯ ಸನ್ನಿಧಿಯಲ್ಲಿ ತೋರಿಸಿದರು. ಗುಟ್ಟಾಗಿ ಬರೆದ ಮೊರೆಯು ಯುದ್ಧದ ಅಪ್ಪಣೆಯಾಗಿ ಪರಿಣಮಿಸಿತು. ತಾನು ಯಾರ ಸೆರೆಯಲ್ಲಿಯೂ ಇಲ್ಲವೆಂದೂ, ತನ್ನ ಮಾತಿಗೆ ಕಾಂದೆಯು ಬೇರೆ ಅರ್ಥ ಕಲ್ಪಿಸಿರುವನೆಂದೂ ಕ್ಯಾಥರೀನಳು ಹೇಳಿದಳು. ಆದರೆ ‘ಕಾಪಾಡು’ ಎಂಬ ಮಾತನ್ನು ಕತ್ತಿ ಹಿಡಿದವನು ಕತ್ತಿಯ ಅರ್ಥದಲ್ಲಿಯೇ ಗ್ರಹಿಸಿದುದರಲ್ಲಿ ಆಶ್ಚರ್ಯವೇನು? ಬರೆಯುವಾಗ ಆಕೆಗೂ ಆ ಅರ್ಥವು ಬೇಡವಾಗಿತ್ತೆಂದು ನಿಶ್ಚಯವಾಗಿ ಹೇಳುವಂತಿಲ್ಲ.

ಜೂನ್ ತಿಂಗಳಲ್ಲಿ ಇಬ್ಬರೂ ಟೂರಿ ಎಂಬಲ್ಲಿ ಮುಖಾಮುಖಿ ಭೇಟಿಯಾದರು. ಜಗಳವಾದೀತೆಂದು ಎರಡೂ ಕಡೆಯ ಬೆಂಗಾವಲಿನವರನ್ನು ದೂರದೂರ ನಿಲ್ಲಿಸಲಾಗಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಅವರು ಎದುರು ಸಾಲಿನಲ್ಲಿ ತಮ್ಮ ಬಂಧುಗಳನ್ನೂ ಗೆಳೆಯರನ್ನೂ ಗುರುತಿಸಿ, ಅನುಮತಿ ಬೇಡಿ, ಹತ್ತಿರ ಬಂದು ಆಲಂಗಿಸಿಕೊಂಡರು. ಕಾಂದೆಯ ಪಕ್ಷದ ಯೋಧನಾಗಿದ್ದ ಲಾ ನೂ ಇದನ್ನು ಬರೆದಿಟ್ಟಿದ್ದಾನೆ. ಮಾತುಕತೆ ಮಾತ್ರ ಫಲಿಸಲಿಲ್ಲ.

ಡಿಸೆಂಬರ್ 19ರಂದು ದ್ರೂ ಕದನದಲ್ಲಿ ಕಾಂದೆಯು ಸೆರೆಸಿಕ್ಕನು. 1563ರ ಮಾರ್ಚಿಯಲ್ಲಿ ಆಂಬ್ವಾಸ್ ಒಪ್ಪಂದವಾಗುವಾಗ ಕ್ಯಾಥರೀನಳು ಸಂಧಾನ ನಡೆಸಿದುದು ಆ ಸೆರೆಯಾಳಿನ ಮೂಲಕವೇ. ಆರು ವರ್ಷಗಳ ಬಳಿಕ, ಮತ್ತೊಂದು ಮತಯುದ್ಧದಲ್ಲಿ, ಕಾಂದೆಯು ಆಕೆಯ ಮಗನ ಸೈನ್ಯದ ಎದುರು ಹೋರಾಡಿ ಜಾರ್ನಾಕ್ ಎಂಬಲ್ಲಿ ಮಡಿದನು.